ಮೂರ್ತೆ ಬಿಟ್ಟವರಿಗೆ ಹಂಚಿನ ಕೆಲಸ: ತುಳುನಾಡಿನ ಬಾಸೆಲ್ ಮಿಶನ್ ಸಭೆಗಳ ಒಂದು ಪ್ರಕರಣ ಅಧ್ಯಯನ

ಮರ ಹತ್ತಿ ಶೇಂದಿ ಇಳಿಸಿ ಬದುಕುತ್ತಿದ್ದ ಒಬ್ಬ ಮನುಷ್ಯ ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ಪಡೆಯುತ್ತಾನೆ. ಶೇಂದಿ ಇಳಿಸುವ ಈ ಮೂರ್ತೆ ಕೆಲಸ ಬಿಡಬೇಕು ಎಂದು ಅವನು ಸೇರಿದ ಕ್ರೈಸ್ತ ಸಭೆ ಹೇಳುತ್ತದೆ. ಅವನು ಬಿಡುತ್ತಾನೆ. ಮನೆಯಲ್ಲಿ ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ ಇದ್ದಾರೆ. ಮುಂದಿನ ವಾರದ ಅಕ್ಕಿಗೆ ಯಾರು ಹೊಣೆ? ಬಿಡು ಎಂದ ಸಭೆಯೇ, ಬಿಟ್ಟವನೇ? ದೇವರು ನೋಡಿಕೊಳ್ಳುತ್ತಾನೆ ಎಂದು ಪ್ರಾರ್ಥನೆ ಮುಗಿಸಿ ಎಲ್ಲರೂ ತಂತಮ್ಮ ಮನೆಗೆ ಹೋಗಬಹುದೇ?

19ನೇ ಶತಮಾನದ ತುಳುನಾಡಿನಲ್ಲಿ, ಬಾಸೆಲ್ ಮಿಶನ್ ಎಂಬ ಯುರೋಪಿನ ಕ್ರೈಸ್ತ ಸಂಘ ಕಟ್ಟಿದ ಸಭೆಗಳ ಮುಂದೆ ಈ ಪ್ರಶ್ನೆ ಮತ್ತೆ ಮತ್ತೆ ಬಂದು ನಿಂತಿತು. ಅವು ಕೊಟ್ಟ ಉತ್ತರ ಮೊದಲು ಮಗ್ಗ ಮತ್ತು ಅಚ್ಚುಕೂಟ, ಆಮೇಲೆ ಹಂಚಿನ ಕಾರ್ಖಾನೆ. ಮಂಗಳೂರು ಹಂಚು ಎಂದು ನಾಡೆಲ್ಲ ಬಲ್ಲ ಕೆಂಪು ಹಂಚಿನ ಹಿಂದೆ ಇರುವುದು ಈ ಅಕ್ಕಿಯ ಪ್ರಶ್ನೆಯೇ. ಉತ್ತರ ದೊಡ್ಡದಾಗಿತ್ತು. ಅದರೊಳಗೆ ಉಳಿದುಹೋದ ದೋಷವೂ ದೊಡ್ಡದು. ಇಂದಿಗೂ ಬಾರ್ ಕೆಲಸ, ಮಟ್ಕಾ ಚೀಟಿ, ಮೀಟರ್ ಬಡ್ಡಿಯ ವಸೂಲಿ ಬಿಟ್ಟು ಬಂದ ವಿಶ್ವಾಸಿಯೊಬ್ಬ ಎದುರು ನಿಂತರೆ ನಮ್ಮ ಸಭೆಗಳಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಹಾಗಾಗಿ ಈ ಹಳೆಯ ಪ್ರಕರಣವನ್ನು ಕೂಲಂಕಷವಾಗಿ ನೋಡುವುದು ಅಗತ್ಯ.

ದೀಕ್ಷಾಸ್ನಾನದ ಮರುದಿನ

1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿ ಆಡಳಿತದ ಪ್ರದೇಶದಲ್ಲಿ ಕೆಲಸ ಮಾಡಲು ದಾರಿ ಬಿಟ್ಟುಕೊಟ್ಟಿತು. ಮರುವರ್ಷವೇ, 1834ರಲ್ಲಿ, ಸ್ಯಾಮುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅವರನ್ನು ಕಳಿಸಿದ ಸಂಘ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ್ದು; ಅದರ ಮಿಷನರಿಗಳಲ್ಲಿ ಬಹುಪಾಲು ಜನ ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯವರು. ಅಲ್ಲಿನ ಭಕ್ತಿಪಂಥದ ಹಳ್ಳಿಗಳಲ್ಲಿ ಬೆಳೆದವರಿಗೆ ಪ್ರಾರ್ಥನೆ ಮತ್ತು ಕೈಕೆಲಸ ಒಂದೇ ದಿನಚರಿಯ ಎರಡು ಭಾಗ. ಕುಡಿತ, ಸಾಲ, ಸೋಮಾರಿತನ ಮೂರೂ ಆತ್ಮದ ರೋಗದ ಗುರುತುಗಳು. ಈ ಮನೋಧರ್ಮ ನೆನಪಿನಲ್ಲಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಮುಲ್ಕಿ, ಉಚ್ಚಿಲ, ಉಡುಪಿಯ ಆಸುಪಾಸಿನ ಹಳ್ಳಿಗಳಲ್ಲಿ ಸಭೆಗೆ ಬಂದವರಲ್ಲಿ ಬಿಲ್ಲವ ಸಮುದಾಯದವರು ಹೆಚ್ಚು. ಅವರಲ್ಲಿ ಅನೇಕರ ಕುಲಕಸುಬು ಮೂರ್ತೆ. ಸಭೆ ಸೇರಿದವನು ಕಳೆದುಕೊಳ್ಳುತ್ತಿದ್ದುದು ಬರೀ ಒಂದು ಕಸುಬನ್ನಲ್ಲ. ಮರಗಳು ಧಣಿಯವು. ಗದ್ದೆಯೂ ಧಣಿಯದು, ಅದೂ ಹೆಚ್ಚಾಗಿ ಚಾಲಗೇಣಿ. ಮೂಲಗೇಣಿಯಾದರೆ ಒಕ್ಕಲಿಗೆ ಕಾಯಂ ಹಕ್ಕು. ಚಾಲಗೇಣಿಯಲ್ಲಿ ಮುಂದಿನ ಸಾಗುವಳಿ ಧಣಿಯ ಮರ್ಜಿ. ಊರ ದೈವದ ಆರಾಧನೆಯಾದ ಭೂತದ ಕೋಲಕ್ಕೆ ಪಾಲು ಕೊಡಲೊಲ್ಲೆ ಎಂದವನನ್ನು ಧಣಿ ಒಕ್ಕಲೆಬ್ಬಿಸಲು ಬೇರೆ ಕಾರಣ ಬೇಕಿರಲಿಲ್ಲ. ಕೋಲಕ್ಕೆ ಪಾಲು ಕೊಡುವುದೆಂದರೆ ಊರಿನ ಒಕ್ಕೂಟದಲ್ಲಿ ಒಬ್ಬನಾಗಿರುವುದು. ಅದನ್ನು ನಿಲ್ಲಿಸಿದಾಗ ನಾಟಿಗೆ ಆಳು, ಕಷ್ಟಕಾಲಕ್ಕೆ ಕೈಗಡ, ಮಗಳ ಮದುವೆಗೆ ನೆಂಟಸ್ತಿಕೆ, ಇವೂ ಹಿಂದೆ ಸರಿದವು.

ಆಸ್ತಿಯ ಮಾತು ಇನ್ನೂ ಜಟಿಲ. 1850ರ 21ನೇ ಕಾಯ್ದೆ, ಧರ್ಮ ಬದಲಿಸಿದ ಕಾರಣಕ್ಕೆ ಯಾರೂ ಪಿತ್ರಾರ್ಜಿತದ ಹಕ್ಕು ಕಳೆದುಕೊಳ್ಳಬಾರದು ಎಂದಿತು. ಕಾಗದದ ಮೇಲೆ ಇದು ರಕ್ಷಣೆ. ಆದರೆ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಳಿಯಸಂತಾನದ ಕೂಡುಕುಟುಂಬದಲ್ಲಿ ಒಬ್ಬ ಸದಸ್ಯ ತನ್ನ ಪಾಲನ್ನು ಬಿಡಿಸಿಕೊಡಿ ಎಂದು ಒತ್ತಾಯಿಸುವಂತಿರಲಿಲ್ಲ. ಪಾಲಾಗುವ ಹಕ್ಕು ಸ್ಪಷ್ಟವಾಗಿ ಬಂದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಿಂದ. ಅಂದರೆ ನೂರು ವರ್ಷ ಹಕ್ಕು ಇತ್ತು, ಕೈಗೆ ಸಿಗುವ ದಾರಿ ಇರಲಿಲ್ಲ. ಮನೆಯಲ್ಲಿ ಕೂತು ಉಣ್ಣಬಹುದಿತ್ತು, ಯಜಮಾನ ಒಪ್ಪಿದರೆ ಮಾತ್ರ. ಕಾನೂನನ್ನು ನಂಬಿ ಸಭೆ ಸುಮ್ಮನಿದ್ದಿದ್ದರೆ ಆ ಕುಟುಂಬಗಳು ಬೀದಿಗೆ ಬೀಳುತ್ತಿದ್ದವು.

ಮೂರ್ತೆ ಬಿಡಲೇಬೇಕಿತ್ತೇ?

ಈ ಪ್ರಶ್ನೆಯನ್ನು ಜಾರಿಸಿಬಿಡುವುದು ಸುಲಭ. ಆದರೆ ಇಡೀ ಪ್ರಕರಣ ನಿಂತಿರುವುದೇ ಇದರ ಮೇಲೆ.

ಮೂರ್ತೆಯ ಕೆಲಸ ಹೀಗೆ: ಬಿರಿಯದ ಹೊಂಬಾಳೆಯನ್ನು ಹುರಿಯಿಂದ ಬಿಗಿಯಾಗಿ ಸುತ್ತಿ, ಕೆಲವು ದಿನ ಹದವಾಗಿ ಬಡಿದು ಮೆತ್ತಗೆ ಮಾಡಿ, ತುದಿಯನ್ನು ಕತ್ತಿಯಿಂದ ತೆಳ್ಳಗೆ ಕೊಯ್ಯಬೇಕು. ರಸ ತೊಟ್ಟಿಕ್ಕುವುದಕ್ಕೆ ಮಡಕೆ ಕಟ್ಟಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮರ ಹತ್ತಿ ಕೊಯ್ದ ಬಾಯನ್ನು ಹೊಸದು ಮಾಡಬೇಕು. ಒಂದು ದಿನ ತಪ್ಪಿದರೆ ಬಾಯಿ ಒಣಗಿ ರಸ ನಿಲ್ಲುತ್ತದೆ. ಭಾನುವಾರವೂ ಬಿಡುವಿಲ್ಲ. ಇಳಿಯುವಾಗ ರಸ ಸಿಹಿ. ಹಳೆಯ ಮಡಕೆಯಲ್ಲಿ ಅಂಟಿಕೊಂಡಿರುವ ಹುದುಗು ಕೆಲವೇ ಗಂಟೆಯಲ್ಲಿ ಅದನ್ನು ಹುಳಿಯಾಗಿಸುತ್ತದೆ. ಸಂಜೆಯ ಹೊತ್ತಿಗೆ ಅದು ಗಡಂಗಿನ, ಅಂದರೆ ಶೇಂದಿ ಅಂಗಡಿಯ, ಸರಕು.

ಮಡಕೆಯ ಒಳಗೆ ಸುಣ್ಣ ಬಳಿದರೆ ಹುದುಗು ಏಳುವುದಿಲ್ಲ. ಆ ನೀರಾವನ್ನು ಕುದಿಸಿ ಬೆಲ್ಲ ಮಾಡಬಹುದು. ಹಾಗಿದ್ದರೆ ಮರ ಹತ್ತುವ ಕೌಶಲ ಉಳಿಸಿಕೊಂಡು ಅಮಲಿನ ಭಾಗವನ್ನಷ್ಟೇ ಕಳಚಬಹುದಿತ್ತಲ್ಲ? ತತ್ವದಲ್ಲಿ ಹೌದು. ಲೆಕ್ಕ ಹಾಕಿದರೆ ತೊಡಕು ಕಾಣುತ್ತದೆ. ಒಂದು ಕಿಲೋ ಬೆಲ್ಲಕ್ಕೆ ಸುಮಾರು ಎಂಟು ಲೀಟರ್ ರಸ ಬೇಕು, ಗಂಟೆಗಟ್ಟಲೆ ಉರಿಯುವ ಕಟ್ಟಿಗೆ ಬೇಕು, ಕುದಿಸಲು ಮನೆಯ ಇನ್ನೊಬ್ಬರ ದುಡಿಮೆ ಬೇಕು. ಮರದ ಗೇಣಿ ಮಾತ್ರ ಶೇಂದಿಯ ಬೆಲೆಗೆ ತಕ್ಕಂತೆ ಕಟ್ಟಿದ್ದು. ಧಣಿ ಅದನ್ನು ಇಳಿಸದಿದ್ದರೆ ಬೆಲ್ಲ ಕಾಸಿದವನಿಗೆ ಗಿಟ್ಟುವುದಿಲ್ಲ.

ಲೂಕ 3ನೇ ಅಧ್ಯಾಯದಲ್ಲಿ ಸುಂಕದವರು ಮತ್ತು ಸಿಪಾಯಿಗಳು ಸ್ನಾನಿಕನಾದ ಯೋಹಾನನ ಬಳಿ ಬಂದು ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಕೆಲಸ ಬಿಡಿ ಎಂದು ಅವನು ಹೇಳುವುದಿಲ್ಲ. ನೇಮಿಸಿದ್ದಕ್ಕಿಂತ ಹೆಚ್ಚು ಕಿತ್ತುಕೊಳ್ಳಬೇಡಿ, ಬಲಾತ್ಕಾರ ಮಾಡಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಎನ್ನುತ್ತಾನೆ. ಕಸುಬಿನೊಳಗಿನ ಕೆಡುಕನ್ನು ಕಸುಬಿನಿಂದ ಬೇರ್ಪಡಿಸಿ ನೋಡುವ ಈ ರೀತಿಯನ್ನು ಮಿಶನ್ ಇಲ್ಲಿ ಅನುಸರಿಸಲಿಲ್ಲ. ಅದರ ನಿಯಮ ಖಡಾಖಂಡಿತವಾಗಿತ್ತು: ಶೇಂದಿ ಇಳಿಸುವವನು ಸಭಿಕನಾಗಿರಲಾರ. ಕುಡಿತದಿಂದ ಮನೆಗಳು ಹಾಳಾಗುವುದನ್ನು ಕಣ್ಣಾರೆ ಕಂಡವರ ನಿಯಮ ಅದು, ಅದರ ಹಿಂದಿನ ಕಾಳಜಿ ಪ್ರಾಮಾಣಿಕ. ಆದರೆ ನಿಯಮ ಹಾಕಿದವರ ಸ್ವಂತ ಊಟ ಆ ನಿಯಮದಿಂದ ಒಂದು ತುತ್ತೂ ಕಡಿಮೆಯಾಗಲಿಲ್ಲ. ಬೆಲೆಯೆಲ್ಲ ತೆತ್ತವನು ಮೂರ್ತೆದಾರ. ಹಾಗಾಗಿ ಕೆಲಸ ಕೊಡುವ ಹೊಣೆ ಸಭೆಯದು ಎಂಬ ತೀರ್ಮಾನಕ್ಕೆ ಮಿಶನ್ ಬಂದದ್ದು ಉದಾರತೆಯಿಂದ ಅನ್ನುವುದಕ್ಕಿಂತ ನ್ಯಾಯದಿಂದ ಎನ್ನುವುದು ಸರಿ. ಕೆಲಸ ಮಾಡಲೊಲ್ಲದವನು ಊಟ ಮಾಡಬಾರದು ಎಂಬ 2 ಥೆಸಲೊನೀಕ 3:10ರ ಮಾತನ್ನು, ಅವನ ಕೆಲಸವನ್ನು ತಾನೇ ನಿಲ್ಲಿಸಿದ ಸಭೆ ಅವನ ಮುಂದೆ ಓದುವಂತಿಲ್ಲ.

ಕೈಹಿಡಿಯದ ಪ್ರಯತ್ನಗಳು

ಹಂಚು ಮೊದಲ ಉಪಾಯವಲ್ಲ. ಬೇಸಾಯದ ನೆಲೆ ಕಟ್ಟಿ ವಿಶ್ವಾಸಿಗಳನ್ನು ಒಂದೆಡೆ ಕೂರಿಸುವ ಯೋಚನೆ ಮೊದಲು ಬಂತು. 1840ರ ದಶಕದಲ್ಲಿ ಗದಗ ಸಮೀಪದ ಮಲಸಮುದ್ರದಲ್ಲಿ ಇಂಥದೊಂದು ನೆಲೆ ಎದ್ದಿತು, ಬಾಳಲಿಲ್ಲ. ಗಡಿಯಾರ ರಿಪೇರಿ, ಮರಗೆಲಸ ಇತ್ಯಾದಿ ಕಲಿಸಿದರು. ಗಡಿಯಾರ ಇರುವ ಮನೆಗಳೇ ಕೈಬೆರಳೆಣಿಕೆಯಷ್ಟಿದ್ದ ಊರಿನಲ್ಲಿ ಅದರ ರಿಪೇರಿಯಿಂದ ಎಷ್ಟು ಕುಟುಂಬ ಬದುಕೀತು? ಬಲ್ಮಠದಲ್ಲಿ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಅಲ್ಲೇ. ಕನ್ನಡಕ್ಕೆ ಅದು ದೊಡ್ಡ ಲಾಭ. ಆದರೆ ಅಚ್ಚುಕೂಟಕ್ಕೆ ಓದುಬರಹ ಬಲ್ಲ ನಾಲ್ಕಾರು ಜನ ಸಾಕು, ಮರ ಹತ್ತುತ್ತಿದ್ದವನಿಗೆ ಅಲ್ಲಿ ಜಾಗವಿಲ್ಲ.

ನೇಯ್ಗೆ ಸ್ವಲ್ಪ ನಿಂತಿತು. 1851ರಲ್ಲಿ ಬಂದ ಹಾಲರ್ ಎಂಬ ನೇಯ್ಗೆ ಬಲ್ಲ ಮಿಷನರಿ ಯುರೋಪಿನ ಮಾದರಿಯ ಮಗ್ಗ ಹಾಕಿಸಿದ. ನೇಯ್ಗೆಯ ಸಾಲು ಕಣ್ಣೂರು, ಕಲ್ಲಿಕೋಟೆಗೂ ಹಬ್ಬಿತು. ಆದರೂ ಅಗ್ಗದ ಗಿರಣಿ ಬಟ್ಟೆಯ ಪೈಪೋಟಿ ಎಂದೂ ತಪ್ಪಲಿಲ್ಲ.

ಈ ವೈಫಲ್ಯಗಳಲ್ಲಿ ಒಂದು ಸಾಮಾನ್ಯ ಎಳೆ ಇದೆ. ಕಲಿಸುವವನಿಗೆ ಗೊತ್ತಿದ್ದ ಕೆಲಸವನ್ನು ಕಲಿಸಿದರು. ಊರಿಗೆ ಏನು ಬೇಕು, ಕಲಿಯುವವನ ಮೈಕೈಗೆ ಯಾವುದು ಒಗ್ಗುತ್ತದೆ ಎಂಬುದು ಆಮೇಲಿನ ಮಾತಾಯಿತು. ಇವತ್ತು ಟೈಲರಿಂಗ್ ಮೆಶಿನ್ ಹಂಚುವ ಸಭೆಗಳು ಮಾಡುತ್ತಿರುವುದೂ ಇದನ್ನೇ. ಒಂದೇ ಬೀದಿಯಲ್ಲಿ ಹನ್ನೆರಡು ಮೆಶಿನ್ ಕೊಟ್ಟರೆ ಹನ್ನೆರಡು ಮನೆಗೂ ಹೊಲಿಗೆ ಸಾಲದು.

ಹಂಚು ಏಕೆ ನಿಂತಿತು

1865ರಲ್ಲಿ ಗೇಯೋರ್ಗ್ ಪ್ಲೆಬ್ಸ್ಟ್ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹಂಚಿನ ಕೆಲಸ ಶುರುಮಾಡಿದ. ಮೊದಲಿಗೆ ಬೆರಳೆಣಿಕೆಯ ಆಳುಗಳು, ಎತ್ತಿನ ಜೋಡಿ, ದಿನಕ್ಕೆ ಕೆಲವು ನೂರು ಹಂಚು. ಕಲ್ಲಿಕೋಟೆಯಲ್ಲಿ 1873, ಕುದ್ರೋಳಿಯಲ್ಲಿ 1882, ಮಲ್ಪೆಯಲ್ಲಿ 1886, ಮುಂದೆ ಕೊಡಕ್ಕಲ್, ಪಾಲಕ್ಕಾಡು, 1905ರಲ್ಲಿ ಫೆರೋಕ್ ಹೀಗೆ ಕಾರ್ಖಾನೆಗಳು ಎದ್ದವು.

ಹಂಚು ಮಾಡುವ ಹಂತಗಳನ್ನು ನೋಡಿದರೆ ಅದು ಸಭೆಯ ಕೆಲಸವಾಗಿ ಏಕೆ ಒಗ್ಗಿತು ಎಂಬುದು ತಿಳಿಯುತ್ತದೆ. ನದಿಬಯಲಿನ ಜೇಡಿಮಣ್ಣನ್ನು ಅಗೆದು ದೋಣಿಯಲ್ಲಿ ತರಬೇಕು. ರಾಶಿ ಹಾಕಿ ಕೆಲಕಾಲ ಕೊಳೆಯಲು ಬಿಡಬೇಕು. ಹಸಿ ಮಣ್ಣನ್ನು ನೇರ ಬಳಸಿದರೆ ಗಂಟು ಒಡೆಯುವುದಿಲ್ಲ. ಬೇರೆ ಬೇರೆ ಕಡೆಯ ಮಣ್ಣನ್ನು ಹದ ನೋಡಿ ಬೆರೆಸಬೇಕು. ಅಂಟು ಹೆಚ್ಚಾದರೆ ಒಣಗುವಾಗ ಬಿರುಕು, ಮರಳು ಹೆಚ್ಚಾದರೆ ಸುಟ್ಟ ಮೇಲೆ ಹಂಚು ಸೋರುತ್ತದೆ. ನೀರು ಸೇರಿಸಿ ಅರೆದು, ಹಲಗೆಯಂತೆ ಕತ್ತರಿಸಿ, ಎಣ್ಣೆ ಸವರಿ, ಎರಡು ಅಚ್ಚುಗಳ ನಡುವೆ ಇಟ್ಟು ತಿರುಪು ಒತ್ತಿದರೆ ಹಸಿ ಹಂಚು ಹೊರಬರುತ್ತದೆ. ಅಂಚು ಸವರಿ ಚೌಕಟ್ಟಿನ ಮೇಲೆ ನೆರಳಿನಲ್ಲಿ ಒಂದೆರಡು ವಾರ ಒಣಗಿಸಬೇಕು. ಬಿಸಿಲು ಅಥವಾ ನೇರ ಗಾಳಿ ತಾಗಿದರೆ ಒಂದು ಮೂಲೆ ಮೊದಲು ಒಣಗಿ ಹಂಚು ಸೊಟ್ಟಗಾಗುತ್ತದೆ, ಮಾಡಿನ (ಛಾವಣಿಯ) ಮೇಲೆ ಪಕ್ಕದ ಹಂಚಿಗೆ ಕೂರುವುದಿಲ್ಲ. ಆಮೇಲೆ ಹಂಚು ಸುಡುವ ಗೂಡು. ಉರಿ ಕಡಿಮೆಯಾದರೆ ಬಣ್ಣ ಮಂಕು, ನೀರು ಕುಡಿಯುತ್ತದೆ. ಹೆಚ್ಚಾದರೆ ಕಪ್ಪಾಗಿ ಬಾಗುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದಾಗ ಕಂಚಿನ ದನಿ ಕೊಟ್ಟರೆ ಹಂಚು ಒಳ್ಳೆಯದು, ದನಿ ಸತ್ತಂತಿದ್ದರೆ ಒಳಗೆ ಬಿರುಕು. ಸುಮಾರು ಎರಡೂವರೆ ಕಿಲೋ ತೂಗುವ ಇಂಥ ಹದಿನೈದರಷ್ಟು ಹಂಚು ಒಂದು ಚದರ ಮೀಟರ್ ಮಾಡಿಗೆ ಬೇಕು.

ಮಣ್ಣು ಹೊರುವವರಿಂದ ಗೂಡಿನ ಉರಿ ನೋಡುವ ಮೇಸ್ತ್ರಿಯವರೆಗೆ ಇಲ್ಲಿ ಹತ್ತಾರು ಮಟ್ಟದ ಕೆಲಸ ಇದೆ. ಓದು ಬಾರದವನೂ ಮೊದಲ ದಿನವೇ ಕೂಲಿ ಪಡೆಯಬಹುದು, ಕಲಿಯುವ ಮನಸ್ಸಿದ್ದವನು ಮೇಲೇರಬಹುದು. ಹೆಂಗಸರಿಗೂ ಸ್ವಂತ ದುಡಿಮೆ. ಮಣ್ಣು ಊರಿನದೇ, ಸಾಗಿಸಲು ನದಿ ಮತ್ತು ಕಡಲು ಇವೆ. ಪ್ರತಿವರ್ಷ ಹೊದಿಸಬೇಕಾದ, ಕಿಡಿ ತಾಗಿದರೆ ಉರಿದುಹೋಗುವ ಮುಳಿಹುಲ್ಲಿನ ಮಾಡಿನ ನಾಡಿನಲ್ಲಿ ಹಂಚನ್ನು ಯಾರಿಗೂ ಒತ್ತಾಯಿಸಿ ಮಾರಬೇಕಿರಲಿಲ್ಲ. ಎಲ್ಲಕ್ಕಿಂತ ಮುಖ್ಯ, ಕೊಳ್ಳುವವರು ಎಲ್ಲ ಜಾತಿ ಧರ್ಮದವರು. ಸಭೆಯ ಕರುಣೆಯಿಂದ ನಡೆಯುವ ವಸ್ತುವಾಗಿದ್ದರೆ ಅದು ಹತ್ತು ವರ್ಷವೂ ಬಾಳುತ್ತಿರಲಿಲ್ಲ.

ಹಣಕಾಸಿನ ಏರ್ಪಾಡಿನಲ್ಲೂ ವಿವೇಕವಿತ್ತು. 1859ರಲ್ಲಿ ಬಾಸೆಲ್‌ನಲ್ಲಿ ಪ್ರತ್ಯೇಕ ವ್ಯಾಪಾರ ಸಂಸ್ಥೆ ಕಟ್ಟಿದರು. ಪಾಲುದಾರರಿಗೆ ಮಿತವಾದ ಲಾಭಾಂಶ, ಉಳಿದದ್ದು ಮಿಶನ್ ಕೆಲಸಕ್ಕೆ. ಕಾಣಿಕೆಯ ಹಣ ಮತ್ತು ವ್ಯಾಪಾರದ ಹಣ ಒಂದೇ ಪೆಟ್ಟಿಗೆಯಲ್ಲಿ ಬೆರೆಯದಂತೆ ನೋಡಿಕೊಂಡರು. ಕಾರ್ಖಾನೆಯಲ್ಲಿ ಬೆಳಗಿನ ಕೆಲಸ ಪ್ರಾರ್ಥನೆಯಿಂದ ಶುರು; ಕಾಯಿಲೆಗೆ, ಉಳಿತಾಯಕ್ಕೆ ನಿಧಿಗಳಿದ್ದವು. ಮೊದಲ ಮಹಾಯುದ್ಧದ ಹೊಸ್ತಿಲಿಗೆ ಮಿಶನ್ನಿನ ನೇಯ್ಗೆ ಮತ್ತು ಹಂಚಿನ ಉದ್ಯಮಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು, ಅವರಲ್ಲಿ ಕ್ರೈಸ್ತರಲ್ಲದವರೂ ಇದ್ದರು.

ಒಂದು ತೊಡಕನ್ನು ಇಲ್ಲೇ ಹೇಳಬೇಕು. ಗೂಡಿಗೆ ಒಮ್ಮೆ ಬೆಂಕಿ ಹಾಕಿದರೆ ಭಾನುವಾರ ಎಂದು ಆರಿಸಲಾಗದು. ನಡುವೆ ಉರಿ ತಗ್ಗಿದರೆ ಇಡೀ ಗೂಡಿನ ಹಂಚು ಹಾಳು. ಬಿಡಿ ಗೂಡಾದರೆ ಸೋಮವಾರ ಉರಿ ಹಚ್ಚಿ ಶನಿವಾರದೊಳಗೆ ಮುಗಿಸುವ ಲೆಕ್ಕ ಹಾಕಬಹುದು. ನಿರಂತರ ಉರಿಯುವ ಗೂಡಿಗೆ ಆ ಅನುಕೂಲ ಇಲ್ಲ. ಸರದಿಯ ಮೇಲೆ ಯಾರಾದರೂ ಆರಾಧನೆ ತಪ್ಪಿಸಿಕೊಳ್ಳಲೇಬೇಕು. ಮೂರ್ತೆಗೂ ಭಾನುವಾರದ ಬಿಡುವಿರಲಿಲ್ಲ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ದಿನದ ಆಚರಣೆಯೊಂದನ್ನೇ ಹಿಡಿದು ಯಾವ ಕಸುಬು ಶುದ್ಧ, ಯಾವುದು ಅಶುದ್ಧ ಎಂದು ವಿಂಗಡಿಸುವುದು ಎಷ್ಟು ಕಷ್ಟ ಎಂಬುದು ಹೊಳೆಯುತ್ತದೆ.

ದೋಷ ಎಲ್ಲಿತ್ತು

ಕೆಲಸ ಕೊಟ್ಟದ್ದರಲ್ಲಿ ದೋಷವಿರಲಿಲ್ಲ. ಕೊಟ್ಟ ಕೈ ಒಂದೇ ಆದದ್ದರಲ್ಲಿ ಇತ್ತು.

ಜೆಪ್ಪುವಿನಂಥ ಕಡೆ ವಿಶ್ವಾಸಿಯೊಬ್ಬನ ಬದುಕನ್ನು ಯೋಚಿಸಿ ನೋಡಿ. ಕೂಲಿ ಮಿಶನ್ ಕಾರ್ಖಾನೆಯದು. ಮನೆ ಮಿಶನ್ ಜಾಗದಲ್ಲಿ. ಮಕ್ಕಳ ಶಾಲೆ ಮಿಶನ್ನಿನದು. ಸಾಲ, ಉಳಿತಾಯ ಅಲ್ಲೇ. ಅವನ ನಡತೆಯನ್ನು ತೂಗುವ ಸಭಾ ಹಿರಿಯರು, ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ) ಅವನನ್ನು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವ ಮಿಷನರಿ, ಇವರೂ ಅದೇ ವ್ಯವಸ್ಥೆಯ ಭಾಗ. ಬಾಸೆಲ್ ಸಭೆಗಳ ಶಿಸ್ತು ಕಟ್ಟುನಿಟ್ಟು: ಕುಡಿತ, ಜಾತಿಯ ಆಚರಣೆ, ಭೂತದ ಸೇವೆಗೆ ಮರಳುವುದು, ಇವಕ್ಕೆ ಭೋಜನದಿಂದ ತಡೆ ಇತ್ತು.

ಸಭಾಶಿಸ್ತು ಅಗತ್ಯವೇ. ಮತ್ತಾಯ 18:15ರಿಂದ 17ರವರೆಗಿನ ಕ್ರಮ ಸಹೋದರನನ್ನು ಗೆದ್ದುಕೊಳ್ಳುವುದಕ್ಕಾಗಿ ಇರುವುದು: ಮೊದಲು ಒಬ್ಬನೇ ಹೋಗಿ ಮಾತಾಡು, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಕೊನೆಗೆ ಸಭೆಗೆ ತಿಳಿಸು. ಈ ಕ್ರಮ ಫಲಿಸಬೇಕಾದರೆ ತಪ್ಪು ಮಾಡಿದವನು ಸತ್ಯ ಹೇಳುವಷ್ಟು ನಿರ್ಭಯನಾಗಿರಬೇಕು. ಒಪ್ಪಿಕೊಂಡರೆ ನಾಳೆ ಗೂಡಿನ ಕೆಲಸ ಹೋದೀತು, ಮನೆ ಖಾಲಿ ಮಾಡಬೇಕಾದೀತು ಎಂಬ ಅನುಮಾನ ಒಂದು ಎಳೆಯಷ್ಟಿದ್ದರೂ ಅವನು ಮರೆಮಾಚುತ್ತಾನೆ. ಎದುರಿಗಿರುವ ಹಿರಿಯನಿಗೆ ಕಾಣುವ ಕಣ್ಣೀರು ಪಶ್ಚಾತ್ತಾಪದ್ದೋ ಕೂಲಿ ಹೋಗುವ ಹೆದರಿಕೆಯದೋ ಎಂದು ತಿಳಿಯಲು ಯಾವ ದಾರಿಯೂ ಉಳಿಯುವುದಿಲ್ಲ. ಅಳುತ್ತಿರುವವನಿಗೇ ಅದು ಖಚಿತವಾಗಿ ಗೊತ್ತಿರುವುದಿಲ್ಲ. ಕೆಲಸದಾತನೂ ಸಭಾಪಾಲಕನೂ ಒಂದೇ ಆದಾಗ ಆಗುವ ನಿಜವಾದ ನಷ್ಟ ಇದು. ಇದಕ್ಕೆ ಯಾರೂ ಕ್ರೂರಿಯಾಗಬೇಕಿಲ್ಲ. ತುಂಬ ಒಳ್ಳೆಯ ಮನುಷ್ಯ ಆ ಕುರ್ಚಿಯಲ್ಲಿ ಕೂತರೂ ಫಲ ಇದೇ.

ಊರವರ ಕಣ್ಣಿಗೂ ಪೆಟ್ಟು ಬಿತ್ತು. ಸಭೆ ಸೇರಿದವನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತದೆ ಎಂದರೆ, ಕೆಲಸಕ್ಕಾಗಿ ಸೇರಿದ ಎಂಬ ಮಾತು ಏಳುವುದು ಸಹಜ. ಎಲ್ಲ ಬಿಟ್ಟು ಬಂದವನ ನಂಬಿಕೆಯೂ ಆ ಸಂಶಯದ ಕೆಳಗೆ ಬಿತ್ತು.

ಯೆರೂಸಲೇಮಿನ ಮೊದಲ ಸಭೆಗೆ ಇದರ ಸುಳಿವು ಬೇಗ ಸಿಕ್ಕಿತ್ತು. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ಗುಣುಗುಟ್ಟುವಿಕೆ ಏಳುತ್ತದೆ. ಹನ್ನೆರಡು ಮಂದಿ ಅಪೊಸ್ತಲರು ಹಂಚುವ ಕೆಲಸವನ್ನು ತಮ್ಮ ಕೈಯಲ್ಲಿ ಇಟ್ಟುಕೊಳ್ಳುವುದಿಲ್ಲ. ಏಳು ಜನರನ್ನು ಆರಿಸಿ ಅವರಿಗೆ ಒಪ್ಪಿಸುತ್ತಾರೆ. ಆರಿಸಿದ್ದು ಸಭೆಯೇ. ಏಳೂ ಹೆಸರುಗಳು ಗ್ರೀಕ್, ಅಂದರೆ ದೂರು ಹೊತ್ತವರ ಕಡೆಗೇ ಹಂಚಿಕೆಯ ಅಧಿಕಾರ ಹೋಯಿತು. ವಾಕ್ಯ ಒಂದು ಕೈಯಲ್ಲಿ, ಬುಟ್ಟಿ ಇನ್ನೊಂದು ಕೈಯಲ್ಲಿ. ತುಳುನಾಡಿನ ಸಭೆಗಳಲ್ಲಿ ಈ ಬೇರ್ಪಡಿಕೆ ಪೂರ್ತಿ ಆಗಲಿಲ್ಲ.

ಕೈ ತುಂಡಾದಾಗ

1914ರಲ್ಲಿ ಯುದ್ಧ ಶುರುವಾಯಿತು. ಜರ್ಮನ್ ಪ್ರಜೆಗಳಾದ ಮಿಷನರಿಗಳು ಬ್ರಿಟಿಷ್ ಸರಕಾರಕ್ಕೆ ಶತ್ರುಗಳಾದರು. ಬಹಳ ಜನ ಅಹಮದ್‌ನಗರದ ಬಂಧನ ಶಿಬಿರ ಸೇರಿದರು, ಆಮೇಲೆ ದೇಶದಿಂದಲೇ ಹೊರಗೆ. ಉದ್ಯಮಗಳು ಮಿಶನ್ ಕೈತಪ್ಪಿ 1919ರ ಸುಮಾರಿಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಗೆ ಹೋದವು. ಒಂದೇ ಕೈಯಲ್ಲಿ ಎಲ್ಲವೂ ಇದ್ದುದರಿಂದ ಆ ಕೈ ಹೋದಾಗ ಸಭಾಪಾಲನೆ, ಶಾಲೆ, ಕೂಲಿ ಎಲ್ಲದಕ್ಕೂ ಒಟ್ಟಿಗೇ ಆಘಾತವಾಯಿತು.

ಆಗ ನೆರವಾದದ್ದು ಯಾರೂ ಯೋಜಿಸಿರದ ಒಂದು ಸಂಗತಿ. ಅಷ್ಟರಲ್ಲಿ ಮಂಗಳೂರಿನ ನದಿ ದಡದಲ್ಲಿ ಬೇರೆಯವರ ಹಂಚಿನ ಕಾರ್ಖಾನೆಗಳು ಸಾಲಾಗಿ ಎದ್ದಿದ್ದವು. ಮಣ್ಣಿನ ಹದ, ಗೂಡಿನ ಉರಿ ಬಲ್ಲ ಕೈಗಳಿಗೆ ಮಿಶನ್ ಹೊರಗೂ ಬೆಲೆ ಇತ್ತು. ಸಭೆಗಳು ಊರಿನವರ ಮುಂದಾಳ್ತನದಲ್ಲಿ ಉಳಿದುಕೊಂಡವು, 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಕಲಿಸಿದ ಕೌಶಲ ಬಾಳಿತು, ಕೊಟ್ಟ ಆಶ್ರಯ ಬಾಳಲಿಲ್ಲ. ಈಗಲೂ ಕರಾವಳಿಯ ಹಳೆಯ ಮನೆಗಳ ಮಾಡಿನಿಂದ ಇಳಿಸಿದ ಹಂಚಿನಲ್ಲಿ ಬಾಸೆಲ್ ಮಿಶನ್ ಹೆಸರಿನ ಅಚ್ಚು ಕಾಣಸಿಗುತ್ತದೆ.

ಇಂದಿನ ಸಭೆಗೆ: ಕೆಲಸದ ಕ್ರಮ

ಅರುವತ್ತು ಮನೆಗಳ ಒಂದು ಸಭೆ ಎಂದುಕೊಳ್ಳೋಣ. ಬಡ್ಡಿ ವಸೂಲಿಯ ಕೆಲಸ ಮಾಡುತ್ತಿದ್ದ ಐದು ಜನರ ಕುಟುಂಬದ ಯಜಮಾನ ಮನಸ್ಸು ತಿರುಗಿ ಅದನ್ನು ಬಿಟ್ಟಿದ್ದಾರೆ. ಏನು ಮಾಡಬೇಕು?

ಮೊದಲ ಕೆಲಸ, ಕಸುಬನ್ನು ಬಿಡಿಸಿ ನೋಡುವುದು. ಪೂರ್ತಿ ಬಿಡಬೇಕೇ, ಅದರ ಒಂದು ಭಾಗವನ್ನೇ? ಬಾರಿನಲ್ಲಿ ಅಡುಗೆ ಮಾಡುತ್ತಿದ್ದವರು ಹೋಟೆಲಿನಲ್ಲಿ ಅಡುಗೆ ಮಾಡಬಹುದು. ವಸೂಲಿ ಮಾಡುತ್ತಿದ್ದವರಿಗೆ ಲೆಕ್ಕ, ಊರಿನ ಪರಿಚಯ, ಬೈಕ್ ಓಡಾಟ ಗೊತ್ತು. ಡೆಲಿವರಿ, ಅಂಗಡಿಗಳಿಗೆ ಸರಕು ಹಾಕುವ ಲೈನ್ ಸೇಲ್ಸ್ ಒಗ್ಗುತ್ತದೆ. ಈ ಮಾತುಕತೆಗೆ ಸಭಾಪಾಲಕರಿಗಿಂತ ವ್ಯಾಪಾರ ಬಲ್ಲ ಇಬ್ಬರು ಸಭಿಕರು ಉತ್ತಮ.

ಎರಡನೆಯದು ಸಾಲದ ಪಟ್ಟಿ. ಆದಾಯಕ್ಕಿಂತ ಮೊದಲು ಇದನ್ನು ಬರೆಯಬೇಕು. ವಾರದ ಸಂಘದ ಕಂತು, ಅಡವಿಟ್ಟ ಚಿನ್ನ, ಚೀಟಿ, ಹಳೆಯ ಮಾಲೀಕನಿಂದ ಪಡೆದ ಮುಂಗಡ. ಈ ಕೊನೆಯದನ್ನು ಕೇಳಲು ಎಲ್ಲರೂ ಮರೆಯುತ್ತಾರೆ, ಕೆಲಸ ಬಿಟ್ಟವರನ್ನು ಮೂರನೇ ತಿಂಗಳಿನಲ್ಲಿ ಹಿಂದಕ್ಕೆ ಎಳೆಯುವುದು ಬಹುಮಟ್ಟಿಗೆ ಇದೇ.

ಹಣದ ಮಿತಿಯನ್ನೂ ಅವಧಿಯನ್ನೂ ಮೊದಲೇ ಬರೆದಿಡಬೇಕು. ತಿಂಗಳ ಖರ್ಚು 18,000 ರೂಪಾಯಿ ಎಂದಾದರೆ, ಮೊದಲ ಎರಡು ತಿಂಗಳು ಪೂರ್ತಿ, ಮುಂದಿನ ಎರಡು ತಿಂಗಳು 12,000, ಕೊನೆಯ ಎರಡು ತಿಂಗಳು 6,000. ಒಟ್ಟು 72,000. ಅರುವತ್ತು ಮನೆಗೆ ಹಂಚಿದರೆ ಮನೆಗೆ 1,200, ಅಂದರೆ ತಿಂಗಳಿಗೆ 200. ಸಣ್ಣ ಸಭೆಗೂ ಇದು ಭಾರವಲ್ಲ. ಭಾರವಾಗುವುದು ಅವಧಿ ಬರೆಯದೆ ಶುರು ಮಾಡಿದಾಗ: ಎಂಟನೇ ತಿಂಗಳಿಗೆ ಕೊಡುವವರಿಗೆ ಬೇಸರ, ಪಡೆಯುವವರಿಗೆ ಸಂಕೋಚ, ಇಬ್ಬರೂ ಮಾತು ನಿಲ್ಲಿಸುತ್ತಾರೆ.

ಹಣದ ಕೈ ಬೇರೆ ಇರಬೇಕು. ಸಭೆ ಆರಿಸಿದ ಮೂವರ ಸಮಿತಿ, ಅದರಲ್ಲಿ ಕನಿಷ್ಠ ಒಬ್ಬರು ಹೆಂಗಸರು, ಒಬ್ಬರು ಕೂಲಿ ಮಾಡಿ ಬದುಕುವವರು. ಸಭಾಪಾಲಕರು ಸದಸ್ಯರಲ್ಲ, ಅವರಿಗೆ ಮೊತ್ತ ತಿಳಿಯಬೇಕಾಗಿಯೂ ಇಲ್ಲ. ವಾರ್ಷಿಕ ಲೆಕ್ಕದಲ್ಲಿ ಹೆಸರು ಬರಬಾರದು. ಕುಟುಂಬ ಒಂದು, ಕುಟುಂಬ ಎರಡು ಎಂದು ಬರೆದರೆ ಸಾಕು, ಅಸಲು ರಸೀತಿಗಳನ್ನು ಆಡಿಟ್ ಮಾಡುವವರೊಬ್ಬರು ನೋಡಿದರಾಯಿತು. ವೇದಿಕೆಯ ಮೇಲೆ ಕರೆದು ಅಕ್ಕಿ ಚೀಲ ಕೊಟ್ಟು ಫೋಟೋ ತೆಗೆಯುವ ರೂಢಿಯನ್ನು ಪೂರ್ತಿ ಕೈಬಿಡಬೇಕು. ಆ ಫೋಟೋ ಮಕ್ಕಳ ಶಾಲೆಯ ವಾಟ್ಸಾಪ್ ತನಕ ಹೋಗುತ್ತದೆ.

ಹೊಸ ಕೆಲಸ ಆದಷ್ಟು ಸಭೆಯ ಹೊರಗೆ ಹುಡುಕಬೇಕು. ಸಭಿಕರ ಅಂಗಡಿಯಲ್ಲೇ ಸಿಕ್ಕರೆ ಬೇಡ ಎನ್ನಬೇಕಿಲ್ಲ, ಆದರೆ ಸಂಬಳ ಊರಿನ ದರಕ್ಕೆ ಸಮ ಇರಬೇಕು. ನಮ್ಮವರೇ ಅಲ್ಲವೇ ಎಂದು ಎರಡು ಸಾವಿರ ಕಡಿಮೆ ಕೊಡುವ ಅಭ್ಯಾಸ ನಮ್ಮಲ್ಲಿ ಇದೆ. ಅದು ಯಾಕೋಬ 5:4ರಲ್ಲಿ ಹೇಳಿದ, ತಡೆಹಿಡಿದ ಕೂಲಿ. ಇದೇ ನಿಧಿ ಕಷ್ಟದಲ್ಲಿರುವ ನೆರೆಮನೆಯ ಹಿಂದೂ, ಮುಸ್ಲಿಂ ಕುಟುಂಬಕ್ಕೂ ಅದೇ ನಿಯಮದಲ್ಲಿ ತೆರೆದಿರಲಿ. ಆಗ ಸಭೆ ಸೇರಿದ್ದಕ್ಕೆ ಕೊಟ್ಟದ್ದು ಎಂಬ ಮಾತಿಗೆ ನೆಲೆ ಇರುವುದಿಲ್ಲ.

ವಾರಕ್ಕೊಮ್ಮೆ ಇಬ್ಬರು ಮನೆಗೆ ಹೋಗಬೇಕು, ಹಣದ ಸಮಿತಿಯವರಲ್ಲ, ಬೇರೆಯವರು. ಅರ್ಧ ಗಂಟೆ ಸಾಕು. ಒಂದು ಕೀರ್ತನೆ ಓದಿ, ವಾರ ಹೇಗಿತ್ತು ಎಂದು ಕೇಳಿ, ಪ್ರಾರ್ಥಿಸಿ ಬರಬೇಕು. ಗೃಹಿಣಿಯ ಮಾತನ್ನು ಬೇರೆಯಾಗಿ ಕೇಳಬೇಕು. ಯಜಮಾನರು ಎಲ್ಲ ಸರಿ ಇದೆ ಎಂದಾಗ ಅಡುಗೆಮನೆಯ ಡಬ್ಬಗಳ ಸ್ಥಿತಿ ಆಕೆಗೆ ಗೊತ್ತಿರುತ್ತದೆ.

ಹಳೆಯ ಕೆಲಸಕ್ಕೆ ಮರಳಿದರೆ? ಇದು ಆಗುತ್ತದೆ, ಆಗದೆಂದು ಎಣಿಸಿ ಯೋಜನೆ ಮಾಡಬಾರದು. ಆಗ ಎರಡು ವಿಷಯಗಳನ್ನು ಬೆರೆಸಬಾರದು. ಕರ್ತನ ಭೋಜನದ ವಿಷಯ ಸಭಾಪಾಲಕರು ಮತ್ತು ಹಿರಿಯರದು, ಅವರು ಮತ್ತಾಯ 18ರ ಕ್ರಮದಲ್ಲಿ ಮೊದಲು ಒಬ್ಬರೇ ಹೋಗಿ ಮಾತಾಡುತ್ತಾರೆ. ಸಮಿತಿ ಆ ತಿಂಗಳ ಮೊತ್ತವನ್ನು ನಿಲ್ಲಿಸುವುದಿಲ್ಲ. ಬರೆದ ಅವಧಿ ಮುಗಿಯುವವರೆಗೆ ಮಕ್ಕಳ ಊಟದ ಪಾಲು ಗೃಹಿಣಿಯ ಕೈಗೆ ಹೋಗುತ್ತದೆ. ಹಿರಿಯರಲ್ಲಿ ಒಬ್ಬರು ಅವರಿಗೆ ಕೆಲಸ ಕೊಟ್ಟ ಮಾಲೀಕರಾಗಿದ್ದರೆ, ಅಥವಾ ಅವರ ಮನೆಯ ಬಾಡಿಗೆ ಪಡೆಯುವವರಾಗಿದ್ದರೆ, ಆ ದಿನದ ವಿಚಾರಣೆಯಲ್ಲಿ ಕೂರಬಾರದು. ಅವರು ಹೊರಗೆ ಹೋದದ್ದನ್ನು ನಡಾವಳಿ ಪುಸ್ತಕದಲ್ಲಿ ಸಮಯ ಸಹಿತ ದಾಖಲಿಸಬೇಕು.